ದಾಯ, ದಾಯಾದಿ ಮತ್ತು ಬಾವಿ ಪಕ್ಕದ ಹಲಸಿನ ಮರ

ಭಾನುವಾರ ಬೆಳಗ್ಗೆ ನಮ್ಮ ‘ತೋಟದ ಮನೆ ಬಳಗ’ದಲ್ಲಿ ನಡೆದದ್ದು. ಶುಭೋದಯದ ಗುಲಾಬಿಗಳನ್ನು ಬಿಟ್ಟಿದ್ದೇನೆ.

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ತಿಳಿಯಿರಿ, ತಿಳಿಸಿರಿ! ಸಂಸ್ಕೃತದಲ್ಲಿ ‘ದಾಯ’ ಎಂದರೆ ಅಪ್ಪನಿಂದ ಮಗನಿಗೆ ಮಾತ್ರ ಬರುವ ಆಸ್ತಿ. ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ 2005ರ ಕಾನೂನು ಬಂದ ಮೇಲೆ ಮನೆಗಳು ಒಡೆಯುತ್ತಿವೆ. ಹತ್ತು ಗುಂಪಿಗೆ ಕಳಿಸಿ 🙏

ವಿನಯ: ಇದನ್ನು ಬರೆದವರು ಯಾರು ಚಿಕ್ಕಪ್ಪ?

ಚಿಕ್ಕಪ್ಪ: ನನಗೆ ಕಳಿಸಿದವರು ರಿಟೈರ್ಡ್ ಮೇಷ್ಟ್ರು. ಸುಳ್ಳು ಹೇಳ್ತಾರಾ?

ವಿನಯ: ಆಸ್ತಿ ಹಂಚಿಕೆಗೆ ಆಧಾರವಾದ ಹಳೆಯ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರರು ನಮ್ಮ ಕಲ್ಯಾಣದವರೇ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲ. ಒಡೆಯನ ಜೊತೆ ಸಂಬಂಧ ಇದೆ ಅನ್ನುವ ಒಂದೇ ಕಾರಣಕ್ಕೆ ಇನ್ನೊಬ್ಬರದಾಗುವ ಸ್ವತ್ತು ದಾಯ ಅಂತಾರೆ. ಮಗನಿಗೆ ಹುಟ್ಟಿನಿಂದಲೇ ಹಕ್ಕು, ನಿಜ. ಆದರೆ ಪಾಲಾಗಿ ಬೇರೆ ಇದ್ದವನು ಗಂಡುಮಕ್ಕಳಿಲ್ಲದೆ ಸತ್ತರೆ ಹೆಂಡತಿಗೆ, ಆಮೇಲೆ ಮಗಳಿಗೆ ಹೋಗುತ್ತೆ. ಅದೂ ದಾಯವೇ. ಇನ್ನು 2005 ಯಾಕೆ, ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿತ್ತು.

(ಇಷ್ಟುದ್ದ ಯಾರೂ ಓದಲಿಲ್ಲ. ‘ಇನ್ನಷ್ಟು ಓದಿ’ ಒತ್ತುವ ಅಭ್ಯಾಸ ನಮ್ಮ ಮನೆತನಕ್ಕಿಲ್ಲ.)

ದೊಡ್ಡಪ್ಪ: ವಿನಯ, ದೊಡ್ಡವರಿಗೆ ಎದುರು ಮಾತಾಡು ಅಂತ ಯಾವ ಶಾಸ್ತ್ರದಲ್ಲಿದೆ? ಆಸ್ತಿ ಇವತ್ತು ಇರುತ್ತೆ, ನಾಳೆ ಹೋಗುತ್ತೆ. ಸಂಬಂಧ ಮುಖ್ಯ.

ಸೀತತ್ತೆ: ಸಂಬಂಧ ಮುಖ್ಯ ಅಂತಲೇ ಅಣ್ಣಾ, ಅಪ್ಪನ ತಿಥಿ ದಿನ ಜಗಲಿಯಲ್ಲಿ ನೀವು ತೋರಿಸಿದ ಕಡೆ ರುಜು ಹಾಕಿದ್ದು.

(ಮೂರು ಜನ ಟೈಪ್ ಮಾಡಲು ಶುರು ಮಾಡಿ ನಿಲ್ಲಿಸಿದರು.)

ಮಂಜಣ್ಣ: ಜಗಲಿ ಅಂದ್ರೆ ನೆನಪಾಯ್ತು! ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸ್ತಿದ್ದರು. ಬಾವಿ ಪಕ್ಕದ ಮರದ್ದು. ಆ ರುಚಿ ಈಗೆಲ್ಲಿ?

ಸೀತತ್ತೆ: ಆ ಮರ ಈಗ ಯಾರ ಪಾಲಿನಲ್ಲಿದೆ ಮಂಜು?

ಮಂಜಣ್ಣ: 😀

ಶೈಲಾ ಅತ್ತಿಗೆ: ನಮ್ಮ ಮಂಗಳೂರು ಕಡೆ ಅಳಿಯಸಂತಾನ ಕಟ್ಟು. ಆಸ್ತಿ ಹೆಣ್ಣಿನ ಕಡೆಯಿಂದಲೇ ಇಳೀತಿತ್ತು. ಅದಕ್ಕೆ ಮನೆಯೇನೂ ಒಡೆದಿರಲಿಲ್ಲ.

ಚಿಕ್ಕಪ್ಪ: ನಿಮ್ಮ ಕಡೆಯ ವಿಷಯ ಬಿಡಮ್ಮ. ನಿಮ್ಮ ಮದುವೆ ಊಟದಲ್ಲಿ ನಮ್ಮ ಪಂಕ್ತಿಗೆ ಹೋಳಿಗೆ ಬರುವಷ್ಟರಲ್ಲಿ ಖಾಲಿ.

ಶೈಲಾ ಅತ್ತಿಗೆ: ನೀವು ಬಂದಿದ್ದೇ ಮೂರು ಗಂಟೆಗೆ ಚಿಕ್ಕಮಾವ.

(ಮುಂದಿನ ಮುಕ್ಕಾಲು ಗಂಟೆ ಹೋಳಿಗೆಯದೇ ಚರ್ಚೆ. ಬಡಿಸಿದವರ ಹೆಸರೂ ಹೊರಬಂತು.)

ವಿನಯ: ಇನ್ನೊಂದು ಹೇಳ್ತೀನಿ. ಮಗಳಿಗೂ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ಅಪ್ಪ ಬದುಕಿರಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004 ಡಿಸೆಂಬರ್ 20ಕ್ಕೆ ಮುಂಚೆಯೇ ಪಾಲುಪಟ್ಟಿ ರಿಜಿಸ್ಟರ್ ಆಗಿದ್ದರೆ, ಇಲ್ಲವೇ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ದರೆ ಬೇರೆ ಮಾತು.

ಸೀತತ್ತೆ: ನಮ್ಮದು ರಿಜಿಸ್ಟರ್ ಆಗಿತ್ತಾ ಅಣ್ಣಾ?

(ಎರಡು ನೀಲಿ ಗೆರೆ.)

ದೊಡ್ಡಪ್ಪ: ಇದು ಕುಟುಂಬದ ಗುಂಪು. ಹಬ್ಬ, ಹುಟ್ಟುಹಬ್ಬ ಬಿಟ್ಟು ಬೇರೆ ಏನೂ ಹಾಕಬೇಡಿ.

(ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ.)

ವಿನಯ: ಅಳಿಸಿದರೇನು, ಸ್ಕ್ರೀನ್‌ಶಾಟ್ ಇದೆ.

ಸೀತತ್ತೆ: ಅದು ಬೇಡ ಕಣೋ. ಆ 2004ರದ್ದನ್ನು ನನಗೆ ಬೇರೆಯಾಗಿ ಕಳಿಸು.