ವೈಪರ್ ಬ್ಲೇಡ್ ಬದಲಿಸುವಾಗ ಅದರ ತೋಳನ್ನೂ ಬದಲಿಸಲೇಬೇಕೇ?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ವರ್ಷ ಹಳೆಯ ಚಿಕ್ಕ ಕಾರು. ಕಳೆದ ವಾರ ತಂದೆಯವರನ್ನು ಬೆಳಗಾವಿಯಲ್ಲಿ ವೈದ್ಯರಿಗೆ ತೋರಿಸಿಕೊಂಡು ರಾತ್ರಿ ಮರಳುವಾಗ, ಲೋಕಾಪುರ ದಾಟುತ್ತಿದ್ದಂತೆ ಮಳೆ ಹಿಡಿಯಿತು. ವೈಪರ್ ಹಾಕಿದರೆ ನೀರು ಸರಿಯುವ ಬದಲು ಗಾಜಿನ ತುಂಬ ತೆಳ್ಳಗೆ ಬಳಿದಂತಾಗುತ್ತಿತ್ತು. ಎದುರಿನಿಂದ ಲಾರಿಯ ಬೆಳಕು ಬಿದ್ದಾಗಲಂತೂ ರಸ್ತೆಯ ಅಂಚೇ ಕಾಣಲಿಲ್ಲ. ಪೆಟ್ರೋಲ್ ಬಂಕೊಂದರಲ್ಲಿ ಗಾಡಿ ನಿಲ್ಲಿಸಿ, ಮಳೆ ಬಿಟ್ಟ ಮೇಲೆ ಊರು ಸೇರಿದೆವು.

ಅಂಗಡಿಯೊಂದರಲ್ಲಿ ತೋರಿಸಿದಾಗ, ಬ್ಲೇಡಿನ ಜೊತೆಗೆ ಅದನ್ನು ಹಿಡಿದಿರುವ ತೋಳುಗಳನ್ನೂ ಬದಲಿಸಬೇಕೆಂದರು. ಇದು ನಿಜವೇ? ಬ್ಲೇಡನ್ನು ಮನೆಯಲ್ಲೇ ಹಾಕಿಕೊಳ್ಳಬಹುದೇ? ರಬ್ಬರನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಮತ್ತೆ ಮೆತ್ತಗಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಅದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ಬೆಳಗಾವಿಯಿಂದ)

ನಮಸ್ಕಾರ. ಮಳೆಗಾಲದಲ್ಲೂ ಜಾಂಬೋಟಿ, ಚೋರ್ಲಾ ಘಟ್ಟದ ಮಾರ್ಗವಾಗಿ ಗೋವೆಗೆ ಹೋಗಿಬರುವ ಕೆಲಸ ನನ್ನದಾದ್ದರಿಂದ, ಈ ವಿಷಯದಲ್ಲಿ ಅನುಭವದಿಂದ ಬರೆಯುತ್ತಿದ್ದೇನೆ.

ದೋಷ ಎಲ್ಲಿದೆ ಎಂಬುದನ್ನು ಗಾಜಿನ ಮೇಲೆ ಉಳಿಯುವ ಗುರುತೇ ಹೇಳುತ್ತದೆ. ತೆಳುವಾದ ಒಂದೆರಡು ಗೆರೆ ಉಳಿದರೆ ರಬ್ಬರಿನ ಅಂಚಿನಲ್ಲಿ ಕಸ ಸಿಕ್ಕಿದೆ ಅಥವಾ ಅಂಚು ಹರಿದಿದೆ. ನಿಮಗಾದಂತೆ ಇಡೀ ಗಾಜು ಮಂಕಾದರೆ ರಬ್ಬರು ಗಟ್ಟಿಯಾಗಿದೆ, ಇಲ್ಲವೇ ಗಾಜಿನ ಮೇಲೆ ಹೊಗೆಯ ಎಣ್ಣೆಯಂಶ ಕೂತಿದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಅಗಲವಾದ ಪಟ್ಟಿ ಒದ್ದೆಯಾಗಿಯೇ ಉಳಿಯುತ್ತಿದ್ದರೆ ಮಾತ್ರ ಒತ್ತಡ ಸಾಲುತ್ತಿಲ್ಲವೆಂದು ಸಂಶಯಪಡಬೇಕು. ಆಗ ಬ್ಲೇಡಿನ ಚೌಕಟ್ಟು ಸೊಟ್ಟಗಾಗಿರಬಹುದು ಅಥವಾ ತೋಳಿನ ಸ್ಪ್ರಿಂಗ್ ಸೋತಿರಬಹುದು. ತೋಳನ್ನು ಎತ್ತಿ, ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಇಳಿಸಿ ನೋಡಿರಿ. ಗಾಜಿನತ್ತ ಬಿಗಿಯಾಗಿ ಎಳೆಯುತ್ತಿದ್ದರೆ, ತುಕ್ಕು ಅಥವಾ ಸಡಿಲ ಇಲ್ಲದಿದ್ದರೆ, ಹೊಸ ತೋಳಿನ ಅಗತ್ಯವಿಲ್ಲ.

ಎರಡೂ ಬ್ಲೇಡುಗಳನ್ನು ಬೇರೆಬೇರೆಯಾಗಿ ಅಳೆಯಿರಿ, ಏಕೆಂದರೆ ಅನೇಕ ಕಾರುಗಳಲ್ಲಿ ಚಾಲಕನ ಬದಿಯದು ಉದ್ದವಾಗಿಯೂ ಇನ್ನೊಂದು ಗಿಡ್ಡವಾಗಿಯೂ ಇರುತ್ತದೆ. ಅಂಗಡಿಯವರು ಇಂಚಿನಲ್ಲಿ ಕೇಳುತ್ತಾರೆ. ನಿಮ್ಮ ಟೇಪು ಮಿಲಿಮೀಟರಿನಲ್ಲಿದ್ದರೆ 25.4ರಿಂದ ಭಾಗಿಸಿರಿ. ಉದ್ದ ಹೆಚ್ಚಾದರೆ ಎರಡೂ ಒಂದಕ್ಕೊಂದು ತಾಗುತ್ತವೆ. ತೋಳಿನ ತುದಿಯ ಆಕಾರವನ್ನೂ ನೋಡಿಕೊಳ್ಳಿ. ಛತ್ರಿಯ ಹಿಡಿಕೆಯಂತೆ ಬಾಗಿದ ಕೊಕ್ಕೆಯೇ ಹೆಚ್ಚಾಗಿ ಕಾಣಸಿಗುವುದು. ಕೆಲವು ಕಾರುಗಳಲ್ಲಿ ಪಕ್ಕದ ಪಿನ್ನು ಅಥವಾ ಒತ್ತುವ ಗುಂಡಿ ಇರುತ್ತದೆ.

ಹಾಕುವಾಗ ಕಾರಿನ ಕೀಲಿ ಆಫ್ ಇರಲಿ, ಮತ್ತು ದಪ್ಪನೆಯ ಟವೆಲನ್ನು ಮಡಚಿ ಗಾಜಿನ ಮೇಲೆ ಹಾಸಿರಿ. ಈ ಟವೆಲನ್ನು ದಯವಿಟ್ಟು ಬಿಡಬೇಡಿರಿ. ಬ್ಲೇಡ್ ಬಿಚ್ಚಿದ ಬರಿಯ ತೋಳು ಕೈತಪ್ಪಿದರೆ ಅದರ ಕಬ್ಬಿಣದ ತುದಿ ಗಾಜಿಗೆ ಬಡಿದು ಬಿರುಕು ಬಿಡಿಸುತ್ತದೆ. ಈ ಕೆಲಸದಲ್ಲಿರುವ ನಿಜವಾದ ಅಪಾಯ ಅದೊಂದೇ. ತೋಳನ್ನು ಎತ್ತಿ, ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ, ನಡುವಿನ ಪ್ಲಾಸ್ಟಿಕ್ ಕ್ಲಿಪ್ಪನ್ನು ಒತ್ತಿ ಹಿಡಿದು, ಬ್ಲೇಡನ್ನು ತೋಳಿನ ಬುಡದತ್ತ ಎಳೆದರೆ ಕೊಕ್ಕೆಯಿಂದ ಬಿಡಿಸಿಕೊಳ್ಳುತ್ತದೆ. ಹೊಸದನ್ನು ಕೊಕ್ಕೆಗೆ ಸಿಕ್ಕಿಸಿ, ‘ಟಕ್’ ಎನ್ನುವವರೆಗೆ ಮೇಲಕ್ಕೆ ಎಳೆಯಿರಿ. ರಬ್ಬರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ತೆಗೆದುಹಾಕಿ, ತೋಳನ್ನು ಕೈಯಿಂದಲೇ ಇಳಿಸಿರಿ. ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುವ ವೈಪರುಗಳನ್ನು ಮಾತ್ರ ಬಲವಂತವಾಗಿ ಎತ್ತಬಾರದು; ಅವನ್ನು ಮೇಲೆ ತರುವ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ.

ಉತ್ತರ 2 (ಬಾಗಲಕೋಟೆಯಿಂದ)

ಬೆಳಗಾವಿಯ ಮಿತ್ರರು ಹೇಳಿದ ಕ್ರಮ ಸರಿಯಾಗಿದೆ. ಆದರೆ ನಮ್ಮ ಬಯಲುಸೀಮೆಯ ತೊಂದರೆ ಬೇರೆಯದೇ ಆಗಿದೆ. ಬೆಳಗಾವಿಯಲ್ಲಿ ಮಳೆಯ ಜೋರು ಜುಲೈನಲ್ಲಾದರೆ, ವಿಜಯಪುರದ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅಲ್ಲಿಯ ರಬ್ಬರು ಉಜ್ಜಿ ಸವೆಯುತ್ತದೆ. ನಮ್ಮದು 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಕಾದ ಗಾಜಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಂದೇ ಬದಿಗೆ ಬಾಗಿ, ಹಾಗೆಯೇ ಗಟ್ಟಿಯಾಗುತ್ತದೆ. ವೈಪರು ದಿಕ್ಕು ಬದಲಿಸುವಾಗ ರಬ್ಬರಿನ ಅಂಚು ಇನ್ನೊಂದು ಬದಿಗೆ ಮಗುಚಬೇಕು. ಗಟ್ಟಿಯಾದ ರಬ್ಬರು ಮಗುಚುವುದಿಲ್ಲ, ಅದುರುತ್ತದೆ. ಆದ್ದರಿಂದ ಹೊಸ ಬ್ಲೇಡನ್ನು ಬೇಸಿಗೆಯ ಮೊದಲೇ ಹಾಕಿ ಸುಡಿಸಿಕೊಳ್ಳದೆ, ಮೇ ಕೊನೆಯಲ್ಲಿ ಹಾಕುವುದು ಒಳ್ಳೆಯದು.

ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಯಾವುದೂ ಬೇಡ. ಅವು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ, ಮೇಲಾಗಿ ಗಾಜಿಗೂ ಎಣ್ಣೆ ಹಚ್ಚುತ್ತವೆ; ನೆರೆಯವರಿಗೆ ಮೆತ್ತಗಾದಂತೆ ಕಂಡದ್ದು ಆ ಉಬ್ಬೇ ಇರಬೇಕು. ನೀರಿನಲ್ಲಿ ಸ್ವಲ್ಪ ಸೋಪು ಬೆರೆಸಿ ಒದ್ದೆ ಬಟ್ಟೆಯಿಂದ ಅಂಚನ್ನು ಒರೆಸಿದರೆ ಸಾಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾರು ತೊಳೆದು ಹಾಗೆಯೇ ಬಿಸಿಲಿಗೆ ಬಿಟ್ಟರೆ ಬಿಳಿಯ ಸುಣ್ಣದ ಕಲೆ ಕೂರುತ್ತದೆ, ಅದರ ಮೇಲೆ ಓಡಾಡಿದ ರಬ್ಬರು ಬೇಗ ಹರಿಯುತ್ತದೆ. ತೊಳೆದ ತಕ್ಷಣ ಗಾಜನ್ನು ಒರೆಸಿರಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಗಾಜಿಗೆ ಧೂಳು ಮೆತ್ತಿದಾಗ ಒಣ ವೈಪರನ್ನು ಎಂದೂ ಓಡಿಸಬೇಡಿರಿ. ಮೊದಲು ನೀರು ಚಿಮ್ಮಿಸಿರಿ, ಇಲ್ಲವಾದರೆ ಮರಳು ಗಾಜನ್ನೇ ಗೀರುತ್ತದೆ.

ಇನ್ನೊಂದು ಮಾತು. ನಿಮ್ಮದು ಲೋಹದ ಚೌಕಟ್ಟಿನ ಬ್ಲೇಡಾಗಿದ್ದು, ಅದರ ಕೀಲುಗಳು ಸಡಿಲವಾಗದೆ ಸುಸ್ಥಿತಿಯಲ್ಲಿದ್ದರೆ, ರಬ್ಬರ್ ಪಟ್ಟಿಯನ್ನಷ್ಟೇ ಬದಲಿಸಬಹುದು. ಹಳೆಯ ಪಟ್ಟಿಯೊಳಗಿನ ಎರಡು ತೆಳು ಉಕ್ಕಿನ ಕಡ್ಡಿಗಳ ಬಾಗು ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದರಲ್ಲೂ ಹಾಗೆಯೇ ಕೂರಿಸಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಸ್ಪ್ರಿಂಗುಗಳು ಬಿಗಿಯಾಗಿಯೇ ಇದ್ದುದರಿಂದ ಬ್ಲೇಡುಗಳನ್ನಷ್ಟೇ ತಂದು, ಟವೆಲ್ ಹಾಸಿಕೊಂಡು ಹಾಕಿದೆ. ಬಲಬದಿಯದು ಸ್ವಚ್ಛವಾಗಿ ಒರೆಸುತ್ತಿದೆ. ಎಡಬದಿಯದು ಮಾತ್ರ ಇನ್ನೂ ಅದುರುತ್ತಿದೆ. ತೋಳಿನದೇ ದೋಷವಿರಬಹುದೇ?

ಉತ್ತರ 1 (ಬೆಳಗಾವಿಯಿಂದ)

ವೈಪರು ಗಾಜಿನ ನಡುವೆ ಇರುವಾಗ ಕೀಲಿ ಆಫ್ ಮಾಡಿ, ಪಕ್ಕದಿಂದ ನೋಡಿರಿ. ರಬ್ಬರು ಗಾಜಿಗೆ ನೇರವಾಗಿ ನಿಂತಿರಬೇಕು. ಒಂದು ಕಡೆಗೆ ವಾಲಿದ್ದು, ಒಂದೇ ದಿಕ್ಕಿನಲ್ಲಿ ಅದುರುತ್ತಿದ್ದರೆ ತೋಳು ಸ್ವಲ್ಪ ತಿರುಚಿರುತ್ತದೆ. ಅದನ್ನು ಗ್ಯಾರೇಜಿನಲ್ಲಿ ನೆಟ್ಟಗೆ ಮಾಡಿಕೊಡುತ್ತಾರೆ. ಎರಡೂ ದಿಕ್ಕಿನಲ್ಲಿ ಅದುರಿದರೆ ಆ ಬದಿಯ ಗಾಜಿನ ಮೇಲೆ ಕಾರಿನ ಪಾಲಿಶ್ ಉಳಿದಿದೆಯೇ ಎಂದು ನೋಡಿರಿ.

ಪ್ರಶ್ನೆ ಕೇಳಿದವರಿಂದ

ರಬ್ಬರು ನೇರವಾಗಿಯೇ ಇತ್ತು. ಹಿಂದಿನ ತಿಂಗಳು ಬಾನೆಟ್ಟಿಗೆ ಹಚ್ಚಿದ ಪಾಲಿಶ್ ಎಡಬದಿಯ ಗಾಜಿಗೂ ತಗುಲಿತ್ತು. ಗಾಜು ಒರೆಸುವ ದ್ರವದಿಂದ ಎರಡು ಸಲ ತಿಕ್ಕಿ ತೊಳೆದ ಮೇಲೆ ಅದುರುವುದು ನಿಂತಿತು. ನಿನ್ನೆ ಸಂಜೆ ಕೊಲ್ಹಾರದ ಸೇತುವೆಯ ಬಳಿ ಮಳೆ ಬಂದಾಗ ಎರಡೂ ಬದಿಯ ಗಾಜು ಸ್ವಚ್ಛವಾಗಿತ್ತು. ತೋಳುಗಳು ಹಳೆಯವೇ ಇವೆ.