ಅಪ್‌ಡೇಟ್: ಆಗುಂಬೆ ಬಿಟ್ಟೆ, ಚೈನ್ ಬದಲಿಸಿದೆ

ರಾಜ್ಯ ಮಟ್ಟದ ಸೈಕಲ್ ರೋಡ್ ರೇಸ್‌ಗೆ ಮುಂಚಿನ ಕೊನೆಯ ವಾರಗಳಲ್ಲೂ ಆಗುಂಬೆ ಘಾಟಿ ಹತ್ತಬೇಕೇ, ಕಾಲಿಗೆ ವಿಶ್ರಾಂತಿ ಕೊಡಬೇಕೇ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಹೆಚ್ಚಿನವರು ಹೇಳಿದಂತೆ ದೂರವನ್ನು ಅರ್ಧಕ್ಕೆ ಇಳಿಸಿದೆ, ವೇಗವನ್ನು ಇಳಿಸಲಿಲ್ಲ. ಉಡುಪಿಯಿಂದ ಮಣಿಪಾಲದ ಏರನ್ನು ಒಂದೆರಡು ಸಲ ಬಿರುಸಾಗಿ ಹತ್ತಿ ಮನೆಗೆ ಮರಳುತ್ತೇನೆ, ಅಷ್ಟೇ. ಕಾಲು ಹಗುರವಾಗಿದೆ. ಮನಸ್ಸಿಗೆ ಮಾತ್ರ ಸುಮ್ಮನೆ ಕೂರಲು ಬರುವುದಿಲ್ಲ.

ಚೈನ್ ನೋಡಿ ಎಂದವರಿಗೆ ವಿಶೇಷ ಧನ್ಯವಾದ. ಮಲ್ಪೆಯ ಉಪ್ಪುಗಾಳಿಗೆ ಹೊರಗೆ ಎಣ್ಣೆ ಮಿನುಗುತ್ತಿದ್ದರೂ ಕೊಂಡಿಗಳ ಸಂದಿನಲ್ಲಿ ಕಂದು ತುಕ್ಕು ಕೂತಿತ್ತು. ಸವೆತ ಅಳೆಯುವ ಗೇಜ್ 0.75ರ ಗುರುತಿನಲ್ಲಿ ಸಲೀಸಾಗಿ ಒಳಗಿಳಿಯಿತು, ಅಂದರೆ ಚೈನ್ ಬದಲಿಸುವಷ್ಟು ಸವೆದಿತ್ತು. ಹೊಸ ಚೈನ್ ಹಾಕಿಸಿ, ಗೇರ್ ಹೊಂದಿಸಿ, ಪಡುಬಿದ್ರಿಯವರೆಗೆ ಓಡಿಸಿ ನೋಡಿದೆ. ಸದ್ದಿಲ್ಲ. 28 ಮಿ.ಮೀ. ಟೈರಿಗೆ ಗಾಳಿಯ ಒತ್ತಡ 75 ಪಿಎಸ್‌ಐ ಸಾಕು ಎಂಬುದು ನನ್ನ ತೀರ್ಮಾನ. ಕಲ್ಲಿನಂತೆ ಗಟ್ಟಿಯಾದ ಟೈರು ಒರಟು ಡಾಂಬರಿನ ಮೇಲೆ ಕುಣಿಯುತ್ತದೆಯೇ ಹೊರತು ವೇಗವಾಗಿ ಓಡುವುದಿಲ್ಲ.

ಊಟದ ವಿಷಯದಲ್ಲಿ ಮನೆಯಲ್ಲೇ ಜಗಳ. ನಾರಿನಂಶ ಕಡಿಮೆ ಇರಲಿ ಎಂದು ಕೊನೆಯ ಎರಡು ದಿನ ಕುಚ್ಚಲಕ್ಕಿ ಬದಲು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಎಂದರೆ, "ಗಂಜಿ ಉಣ್ಣದೆ ಶಕ್ತಿ ಎಲ್ಲಿಂದ ಬರುತ್ತದೆ ಮಗಾ?" ಎನ್ನುತ್ತಾರೆ ಅಮ್ಮ. ರೇಸ್‌ನಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ: ಬಾಳೆಹಣ್ಣು, ಬಾಟಲಿಯಲ್ಲಿ ಉಪ್ಪು ಬೆರೆಸಿದ ಬೆಲ್ಲದ ನೀರು. ಒಬ್ಬರು ಸೂಚಿಸಿದ ಕೆಫೀನ್ ಜೆಲ್ ಬೇಡ. ಹೊಟ್ಟೆಗೆ ಪರಿಚಯವಿಲ್ಲದ್ದನ್ನು ರೇಸ್ ದಿನ ಒಳಗೆ ಬಿಡುವುದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ: ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಇಡುವಾಗ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಬಿಚ್ಚುತ್ತೀರಾ, ಬಟ್ಟೆ ಸುತ್ತಿದರೆ ಸಾಕೇ?