ಸಹಾಯ ಬೇಕು: ಹಾಸನದಲ್ಲಿ ಒಂದು ರೂಮು, ಒಂದು ಹೊಲಿಗೆ ಮಷೀನ್

ನಮಗೆ ಗೊತ್ತಿರುವ ಅಕ್ಕ ಒಬ್ಬರು ಶಿಕ್ಷೆ ಮುಗಿಸಿ ಹೋದ ತಿಂಗಳು ಜೈಲಿನಿಂದ ಬಂದಿದ್ದಾರೆ. ತವರಿನವರು ಸೇರಿಸಲಿಲ್ಲ. ಸದ್ಯಕ್ಕೆ ನಮ್ಮ ಮನೆಯಲ್ಲೇ ಇದ್ದಾರೆ. ಮೂರು ಕಡೆ ರೂಮು ನೋಡಿದೆವು. ವಿಷಯ ಮುಚ್ಚಿಡದೆ ಹೇಳಿದ್ದೇ ತಪ್ಪಾಯಿತು, ಒಬ್ಬರು ಅಡ್ವಾನ್ಸನ್ನೇ ವಾಪಸ್ ಕೊಟ್ಟರು!

ಬ್ಲೌಸ್, ಫಾಲ್ಸ್, ಜಿಗ್‌ಜಾಗ್ ಎಲ್ಲ ಅಚ್ಚುಕಟ್ಟಾಗಿ ಹೊಲಿಯುತ್ತಾರೆ. ನನ್ನ ಎರಡು ಬ್ಲೌಸ್ ಹೊಲಿದುಕೊಟ್ಟರು, ನಮ್ಮ ಟೈಲರಿಗಿಂತ ವಾಸಿ. ಯಾರ ಮನೆಯಲ್ಲಾದರೂ ಹಳೆಯ ಮಷೀನ್ ಸುಮ್ನೆ ಬಿದ್ದಿದೆಯಾ? ರಿಪೇರಿ ನಾವು ಮಾಡಿಸುತ್ತೇವೆ. ಬಸ್ ಸ್ಟ್ಯಾಂಡಿಗೆ ಹತ್ತಿರ ರೂಮಿದ್ದರೂ ತಿಳಿಸಿ.

ಆಧಾರ್ ಕಾರ್ಡ್ ಕಳೆದಿದೆ, ಹಾಗಾಗಿ ಶಕ್ತಿ ಯೋಜನೆಯ ಫ್ರೀ ಬಸ್ಸೂ ಇಲ್ಲ. ಮಗಳನ್ನು ನೋಡಲು ಗಂಡನ ಮನೆಯವರು ಬಿಡುತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ, ಸಹಾಯವಾಣಿ 15100. ಅರ್ಜಿ ಬರೆಯಲು, ಜೊತೆಗೆ ಕೋರ್ಟಿಗೆ ಬರಲು ಯಾರಾದರೂ ಸಿಗುತ್ತೀರಾ? ಇನ್‌ಬಾಕ್ಸಿಗೆ ಬನ್ನಿ. ಯಾವ ಕೇಸು ಅಂತ ಮಾತ್ರ ಇಲ್ಲಿ ಕೇಳಬೇಡಿ.